ತಳಮಳವೂ ಒಂದು ಸ್ಥಲ: ಹರಿಹರ, ಚಾಮರಸರ ಅಲ್ಲಮರನ್ನು ಕುರಿತು

ಮಠಕ್ಕೆ ಬಂದು ಗುರುಗಳ ಮುಂದೆ ಕೈಮುಗಿದು ನಿಂತ ಭಕ್ತರು ಬೇಡಿಕೊಳ್ಳುವ ವರಗಳು ಅನೇಕ. ಮಳೆ, ಬೆಳೆ, ಸಂತಾನ, ಆರೋಗ್ಯ ಇವು ಹಿಂದಿನಿಂದಲೂ ನಡೆದು ಬಂದ ಬೇಡಿಕೆಗಳು. ಈಚೆಗೆ ಇವುಗಳ ಜೊತೆಗೆ ಇನ್ನೊಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ: "ಎಲ್ಲವೂ ಇದೆ ಬುದ್ಧಿ, ಮನಸ್ಸಿಗೆ ನೆಮ್ಮದಿಯಿಲ್ಲ." ಈ ಮಾತನ್ನು ಹೇಳುವವರು ಅದನ್ನೊಂದು ದೋಷವೆಂಬಂತೆ, ಭಕ್ತಿ ಸಾಲದೆ ಬಂದ ರೋಗವೆಂಬಂತೆ ಹೇಳುತ್ತಾರೆ. ಕೇಳುವವರೂ ಹಾಗೆಯೇ ಭಾವಿಸಿ ಸಮಾಧಾನದ ಎರಡು ನುಡಿ ಹೇಳಿ ಕಳುಹಿಸುತ್ತಾರೆ. ಆದರೆ ನಮ್ಮ ಶರಣಸಾಹಿತ್ಯ ಈ ತಳಮಳವನ್ನು ದೋಷವೆಂದು ಎಣಿಸಿದೆಯೆ? ಈ ಪ್ರಶ್ನೆಯನ್ನು ವಾಚಕರೊಡನೆ ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಆಲೂರಿನ ಕಡೆಯ ಬಯಲು ಮುಗಿಯುತ್ತ, ಸಕಲೇಶಪುರದ ಬೆಟ್ಟಗಳು ಮೊದಲಾಗುವ ಬಾಳ್ಳುಪೇಟೆಯಂಥ ಊರನ್ನೇ ತೆಗೆದುಕೊಳ್ಳಿ. ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೂ ರೈಲುಹಾದಿಯೂ ಈ ಊರನ್ನು ಹಾದುಹೋಗುತ್ತವೆ. ಇಲ್ಲಿನ ಗೃಹಸ್ಥನಿಗೆ ಚಿಂತೆಗಳಿಗೇನು ಕೊರತೆಯಿಲ್ಲ. ಹೂಮಳೆ ಸಕಾಲಕ್ಕೆ ಬಿದ್ದೀತೆ, ಕಾಫಿಯ ಧಾರಣೆ ನಿಂತೀತೆ, ಮಾಗಿದ ಗದ್ದೆಗೆ ಆನೆ ಇಳಿದೀತೆ, ಬೆಂಗಳೂರಿಗೆ ಹೋದ ಮಗ ಊರಿಗೆ ಮರಳಿಯಾನೆ ಎಂಬ ಚಿಂತೆಗಳಿಗೆಲ್ಲ ಕಾರಣ ಉಂಟು. ಕಾರಣ ಕಳೆದರೆ ಚಿಂತೆಯೂ ಕಳೆಯುತ್ತದೆ. ಆದರೆ ಬೆಳೆ ಮಾರಿ, ಸಾಲ ತೀರಿ, ಮಕ್ಕಳು ಒಂದು ದಾರಿಗೆ ಹತ್ತಿದ ಮೇಲೂ, ಆಷಾಢದ ಮಳೆ ಹೊಯ್ಯುವ ಸಂಜೆ ದೀಪ ಹಚ್ಚಿ ಕುಳಿತಾಗ ಮನಸ್ಸು ಮಾತ್ರ ಕುಳಿತಲ್ಲಿ ಕೂರದೆ ಎದ್ದು ಅಲೆಯುವುದುಂಟು. ಈ ಲೇಖನದ ವಿಷಯ ಆ ಎರಡನೆಯ ಬಗೆಯ, ಕಾರಣ ಕಾಣದ ತಳಮಳ.

೧

ಮೊದಲು ಶಾಸ್ತ್ರದ ಮಾತನ್ನು ನೋಡೋಣ. ಭಕ್ತ, ಮಾಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ವಾಚಕರಿಗೆ ಸುಪರಿಚಿತ. ಇವುಗಳನ್ನು ನೂರೊಂದು ಸ್ಥಲಗಳಾಗಿ ವಿಂಗಡಿಸಿದ ಪದ್ಧತಿಯಲ್ಲಿ ಭಕ್ತಸ್ಥಲದ ಆರಂಭವನ್ನು ಗಮನಿಸಬೇಕು. ಪಿಂಡ, ಪಿಂಡಜ್ಞಾನ, ಅನಂತರ ಸಂಸಾರಹೇಯ. ಅದಾದ ಮೇಲೆ ಗುರುಕಾರುಣ್ಯ. ಈ ಅನುಕ್ರಮ ಆಕಸ್ಮಿಕವಲ್ಲ. ಜೀವನು ತನ್ನನ್ನು ತಾನು ಅಲ್ಪಸ್ವಲ್ಪ ಅರಿತುಕೊಂಡ ಬಳಿಕ, ಇದುವರೆಗೆ ಸುಖವೆಂದು ನಂಬಿದ್ದರಲ್ಲಿ ರುಚಿ ತಪ್ಪಿ, ಎಲ್ಲಿಯೂ ನಿಲ್ಲಲಾರದವನಾಗುತ್ತಾನೆ. ಅದು ಸಂಸಾರಹೇಯ. ಗುರು ಬರುವುದು ಆಮೇಲೆ. ಎಂದರೆ ತಳಮಳವಿಲ್ಲದವನಿಗೆ ಗುರುವಿನ ಅಗತ್ಯವೇ ಕಾಣುವುದಿಲ್ಲ. ಹಸಿವಿಲ್ಲದವನ ಮುಂದೆ ಎಡೆಯಿಟ್ಟರೆ ಏನು ಪ್ರಯೋಜನ?

ಬಸವಣ್ಣನವರ ವಚನಗಳನ್ನು ಷಟ್‌ಸ್ಥಲಾನುಸಾರವಾಗಿ ಜೋಡಿಸಿದ ಸಂಕಲನಗಳಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಮನಸ್ಸು ತನ್ನ ಮಾತು ಕೇಳದೆಂದು ಅವರು ದೇವರ ಮುಂದೆ ದೂರುವ ವಚನಗಳು ಆರಂಭದ ಭಾಗದಲ್ಲಿಯೇ ಬರುತ್ತವೆ. ಇಷ್ಟೇ ಅಲ್ಲ. ಐದನೆಯದಾದ ಶರಣಸ್ಥಲದಲ್ಲಿ, ಐಕ್ಯಕ್ಕೆ ಒಂದೇ ಮೆಟ್ಟಿಲು ಉಳಿದಿರುವಾಗ, ತಳಮಳ ಮತ್ತೆ ಬರುತ್ತದೆ. ಅಲ್ಲಿ ಅದರ ರೂಪ ಬೇರೆ. ಲಿಂಗಪತಿಯನ್ನು ಕಾಯುವ ಸತಿಯ ವಿರಹದ ರೂಪ. ಅಕ್ಕಮಹಾದೇವಿಯವರ ವಚನಗಳು ಇದಕ್ಕೆ ಪರಮ ನಿದರ್ಶನ. ಮೊದಲ ಮೆಟ್ಟಿಲಲ್ಲಿಯೂ ಕೊನೆಯ ಮೆಟ್ಟಿಲ ಹತ್ತಿರದಲ್ಲಿಯೂ ಇರುವ ವಸ್ತುವನ್ನು ದೋಷವೆಂದು ತಳ್ಳಿಹಾಕುವುದು ಹೇಗೆ? ಆದಿಯಲ್ಲಿ ಅದು ದಿಕ್ಕಿಲ್ಲದ ಅಲೆದಾಟ. ಅಂತ್ಯದಲ್ಲಿ ಒಂದೇ ದಿಕ್ಕಿನ ಹಂಬಲ. ನಡುವಿನ ಸಾಧನೆಯೆಲ್ಲ ಆ ಅಲೆದಾಟಕ್ಕೆ ದಿಕ್ಕು ಕೊಡುವ ಸಾಧನೆ ಎಂದರೆ ತಪ್ಪಾಗಲಾರದು.

೨

ಶಾಸ್ತ್ರ ಸೂತ್ರರೂಪವಾಗಿ ಹೇಳಿದ್ದನ್ನು ಕಾವ್ಯ ಮನುಷ್ಯರ ಬಾಳಿನಲ್ಲಿ ತೋರಿಸಬೇಕು. ಈ ದೃಷ್ಟಿಯಿಂದ ಹರಿಹರನ 'ಪ್ರಭುದೇವರ ರಗಳೆ'ಯನ್ನೂ ಚಾಮರಸನ 'ಪ್ರಭುಲಿಂಗಲೀಲೆ'ಯನ್ನೂ ಒಟ್ಟಿಗಿಟ್ಟು ಓದುವುದು ಬಹು ಫಲಪ್ರದವಾದುದು. ಇಬ್ಬರೂ ವೀರಶೈವ ಕವಿಗಳು. ಇಬ್ಬರ ಕಥಾನಾಯಕರೂ ಅಲ್ಲಮಪ್ರಭುಗಳೇ. ಆದರೂ ಇಬ್ಬರ ಅಲ್ಲಮರು ಒಬ್ಬರಲ್ಲ.

ಹರಿಹರ ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಕವಿ ಎಂಬುದನ್ನು ಈ ಸೀಮೆಯ ಓದುಗರು ನೆನೆಯಬೇಕು. ಆತ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳ ನರಸಿಂಹನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಒಂದು ದಿನ ಲೆಕ್ಕದ ಕಡತವನ್ನು ಮುಂದಿಟ್ಟುಕೊಂಡು ಕುಳಿತಿದ್ದವನು ಇದ್ದಕ್ಕಿದ್ದಂತೆ ಅದನ್ನು ಕೈಯಿಂದ ಉಜ್ಜಿದನಂತೆ. ಕೇಳಿದವರಿಗೆ, ಹಂಪೆಯಲ್ಲಿ ವಿರೂಪಾಕ್ಷನ ಮುಂದಿನ ತೆರೆಗೆ ಬೆಂಕಿ ತಗುಲಿತು, ಅದನ್ನು ಆರಿಸಿದೆ ಎಂದನಂತೆ. ಪವಾಡದ ಮಾತು ಹಾಗಿರಲಿ. ಕೈ ಕಡತದ ಮೇಲಿದ್ದು ಮನಸ್ಸು ಇನ್ನೆಲ್ಲಿಯೋ ಉರಿಯುತ್ತಿದ್ದ ಒಬ್ಬ ಉದ್ಯೋಗಸ್ಥನ ಚಿತ್ರ ಇದರಲ್ಲಿ ಸ್ಪಷ್ಟವಾಗಿದೆ. ೧೧೨೧ರ ಸುಮಾರಿಗೆ ಕಟ್ಟತೊಡಗಿದ ಹೊಯ್ಸಳೇಶ್ವರ ದೇವಾಲಯ ಕಣ್ಣೆದುರಿಗಿದ್ದ ಊರು ಅದು. ಅಂಥ ಐಶ್ವರ್ಯದ ನಡುವೆಯೂ ನಿಲ್ಲಲಾರದೆ ಅವನು ಹಂಪೆಗೆ ಹೊರಟುಹೋದನು. ಅರಸರನ್ನು ಹೊಗಳಿ ಕಾವ್ಯ ಬರೆಯುವ ರೂಢಿಯನ್ನು ಬಿಟ್ಟು ಶರಣರ ಬಾಳನ್ನು ರಗಳೆಗಳಲ್ಲಿ ಹಾಡಿದನು.

ಇಂಥ ಕವಿ ಅಲ್ಲಮನನ್ನು ಹೇಗೆ ಕಂಡನೆಂಬುದನ್ನು ನೋಡಿರಿ. ಅವನ ಅಲ್ಲಮ ಬಳ್ಳಿಗಾವೆಯ ತರುಣ, ಮದ್ದಳೆ ಬಾರಿಸುವುದರಲ್ಲಿ ನಿಪುಣ. ಕಮಲತೆಯೆಂಬವಳನ್ನು ಒಲಿದು ವರಿಸುತ್ತಾನೆ. ಅವರ ಒಲವಿನಲ್ಲಿ ಹರಿಹರನಿಗೆ ಯಾವ ಸಂಕೋಚವೂ ಇಲ್ಲ. ಅನಂತರ ಕಮಲತೆಗೆ ಜ್ವರ ಬರುತ್ತದೆ, ಅವಳು ಸಾಯುತ್ತಾಳೆ. ಅಲ್ಲಮ ಹುಚ್ಚನಂತೆ ಅಲೆಯುತ್ತಾನೆ. ಅಲೆದು ಅಲೆದು ಒಂದು ತೋಟದಲ್ಲಿ ಕುಳಿತಿರುವಾಗ, ಏನೂ ತೋಚದೆ ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿರುತ್ತಾನೆ. ಕೆರೆದ ಜಾಗದಲ್ಲಿ ಹೊನ್ನಿನ ಕಲಶವೊಂದರ ತುದಿ ಕಾಣುತ್ತದೆ. ಅಗೆಸಿ ನೋಡಿದರೆ ನೆಲದೊಳಗೆ ದೇಗುಲ. ದೇಗುಲದೊಳಗೆ ಕರಸ್ಥಲದ ಲಿಂಗದಲ್ಲಿ ನಟ್ಟ ದೃಷ್ಟಿಯಿಂದ ಕುಳಿತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಪ್ರಾಣ ಹೋಗುತ್ತದೆ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಅಲ್ಲಮ ದೇವರನ್ನು ಹುಡುಕುತ್ತಿರಲಿಲ್ಲ. ಅವನ ಮನಸ್ಸು ಕಮಲತೆಯಲ್ಲಿತ್ತು. ನೆಲ ಕೆರೆದದ್ದು ಯಾವ ಸಾಧನೆಯೂ ಅಲ್ಲ. ದುಃಖಿತನ ಅರಿವಿಲ್ಲದ ಕಾಲಾಟ. ಅಂಥ ನಿರುದ್ದೇಶವಾದ ಕಳವಳದ ಚೇಷ್ಟೆಯೇ ಕಲಶವನ್ನು ತೋರಿಸಿಕೊಟ್ಟಿತೆಂದು ಕವಿ ಹೇಳಿರುವುದು ಅತ್ಯಂತ ಅರ್ಥಗರ್ಭಿತವಾಗಿದೆ. ದೇಗುಲ ಬೇರೆಲ್ಲಿಯೋ ಇರಲಿಲ್ಲ. ಅವನು ಕುಳಿತು ಕೊರಗುತ್ತಿದ್ದ ನೆಲದ ಅಡಿಯಲ್ಲಿಯೇ ಇತ್ತು. ಶೋಕ ಅವನನ್ನು ಅಲ್ಲಿಗೆ ತಂದು ಕೂರಿಸದಿದ್ದರೆ, ಕಾಲು ಸುಮ್ಮನಿದ್ದಿದ್ದರೆ, ಕಲಶ ಮಣ್ಣಿನಲ್ಲಿಯೇ ಉಳಿಯುತ್ತಿತ್ತು. ತಳಮಳಕ್ಕೂ ಅಧ್ಯಾತ್ಮಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಸರಳವಾಗಿ ಕಥೆಯಲ್ಲಿ ಹೇಳಿದ ಸಂದರ್ಭ ಕನ್ನಡದಲ್ಲಿ ವಿರಳ.

ಹರಿಹರನಲ್ಲಿ ಕೊರತೆಯಿಲ್ಲವೆಂದಲ್ಲ. ಅವನ ಶರಣಚರಿತೆಗಳು ಸಾಮಾನ್ಯವಾಗಿ ಕೈಲಾಸದಿಂದ ಆರಂಭವಾಗಿ ಕೈಲಾಸದಲ್ಲಿ ಮುಗಿಯುತ್ತವೆ. ಗಣೇಶ್ವರನೊಬ್ಬ ಒಬ್ಬ ಕನ್ನಿಕೆಯನ್ನು ಕಂಡು ಮೋಹಗೊಂಡನು, ಅದಕ್ಕಾಗಿ ಭೂಮಿಯಲ್ಲಿ ಹುಟ್ಟಿದನು ಎಂಬ ಚೌಕಟ್ಟು ಅಲ್ಲಮನ ಕಥೆಗೂ ಇದೆ. ಇದರಿಂದ ಅಲ್ಲಮನ ದುಃಖಕ್ಕೆ ಮೊದಲೇ ವಿವರಣೆ ಸಿದ್ಧವಾಗಿಬಿಡುತ್ತದೆ. ಓದುಗನಿಗೆ ಕೊನೆ ಗೊತ್ತಿರುವುದರಿಂದ ಕಳವಳದ ತೀವ್ರತೆ ತುಸು ತಗ್ಗುತ್ತದೆ. ಆದರೂ ನಡುವಿನ ಭಾಗವನ್ನು ಬರೆಯುವಾಗ ಹರಿಹರ ತನ್ನ ಚೌಕಟ್ಟನ್ನೇ ಮರೆತಂತೆ ತೋರುತ್ತದೆ. ಅಲ್ಲಿ ಅಳುತ್ತಿರುವವನು ಗಣೇಶ್ವರನಲ್ಲ, ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮನುಷ್ಯ.

೩

ಈಗ ಚಾಮರಸನ ಕಡೆಗೆ ಬರೋಣ. ಹರಿಹರನಿಗೂ ಇವನಿಗೂ ನಡುವೆ ಎರಡು ಶತಮಾನಗಳಿಗೂ ಹೆಚ್ಚಿನ ಅಂತರ. ಇವನು ವಿಜಯನಗರದ ಪ್ರೌಢದೇವರಾಯನ ಕಾಲದವನು. ೧೪೩೦ರ ಸುಮಾರಿನಲ್ಲಿ ಭಾಮಿನೀ ಷಟ್ಪದಿಯಲ್ಲಿ, ೨೫ ಗತಿಗಳಲ್ಲಿ ತನ್ನ ಕಾವ್ಯವನ್ನು ರಚಿಸಿದನು. ಇಲ್ಲಿ ಕಮಲತೆಯಿಲ್ಲ. ಮಾಯೆಯನ್ನು ಗೆದ್ದವರು ಯಾರೂ ಇಲ್ಲವೆಂದು ಪಾರ್ವತಿ, ಅಲ್ಲಮನಿದ್ದಾನೆಂದು ಶಿವ. ಈ ವಾದದ ಪರೀಕ್ಷೆಗಾಗಿ ಪಾರ್ವತಿ ತನ್ನ ತಾಮಸಕಲೆಯನ್ನು ಬನವಸೆಗೆ ಕಳುಹಿಸುತ್ತಾಳೆ. ಅವಳು ಮಮಕಾರನೆಂಬ ಅರಸನಿಗೂ ಮೋಹಿನಿಗೂ ಮಗಳಾಗಿ ಹುಟ್ಟುತ್ತಾಳೆ. ಅಲ್ಲಮನ ತಂದೆತಾಯಿಗಳು ನಿರಹಂಕಾರ, ಸುಜ್ಞಾನಿ. ಹೆಸರುಗಳನ್ನು ಕೇಳಿದೊಡನೆಯೇ ಇದು ಬೇರೊಂದು ಬಗೆಯ ಕಾವ್ಯವೆಂಬುದು ತಿಳಿಯುತ್ತದೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮ ಮದ್ದಳೆ ಬಾರಿಸುತ್ತಾನೆ, ಮಾಯೆ ಮರುಳಾಗುತ್ತಾಳೆ. ಅವನು ಮಾತ್ರ ಕೈಗೆ ಸಿಗುವುದಿಲ್ಲ.

ಇದೇ ರೀತಿ ಮಹಾದೇವಿಯಕ್ಕನ ಕಥೆಯಲ್ಲಿಯೂ ವ್ಯತ್ಯಾಸವಿದೆ. ಹರಿಹರನ ಅಕ್ಕ ಕೌಶಿಕನನ್ನು ಕೆಲವು ಕಟ್ಟಳೆಗಳ ಮೇಲೆ ಮದುವೆಯಾಗುತ್ತಾಳೆ. ಅವನು ಕಟ್ಟಳೆ ಮೀರಿದಾಗ ಎಲ್ಲವನ್ನೂ ಬಿಟ್ಟು ಶ್ರೀಶೈಲದ ದಾರಿ ಹಿಡಿಯುತ್ತಾಳೆ. ಚಾಮರಸನಲ್ಲಿ ಆ ಮದುವೆಯೇ ನಡೆಯುವುದಿಲ್ಲ. ಅಲ್ಲಮನಿಗೂ ಅಕ್ಕನಿಗೂ ಸಂಸಾರದ ಸೋಂಕೇ ತಗಲದಂತೆ ಅವನು ನೋಡಿಕೊಂಡಿದ್ದಾನೆ. ಇದು ಭಕ್ತಿಯಿಂದಲೇ ಮಾಡಿದ ಕೆಲಸ. ಪರಮಗುರುವೆಂದು ಪೂಜಿಸುವವರನ್ನು ಅಳುವ ಗಂಡನಾಗಿ, ಒಲ್ಲದ ಮದುವೆಯಲ್ಲಿ ಬೇಯುವ ಹೆಂಡತಿಯಾಗಿ ಕಾಣುವುದು ಅವನ ಕಾಲದ ಶ್ರದ್ಧೆಗೆ ಕಷ್ಟವಾಗಿರಬಹುದು.

ಚಾಮರಸನ ಕಾವ್ಯಶಕ್ತಿಯನ್ನು ಕಡೆಗಣಿಸಬೇಕಾಗಿಲ್ಲ. ಅಲ್ಲಮನಿಂದ ತೆಗೆದ ತಳಮಳವನ್ನು ಅವನು ಕಾವ್ಯದಿಂದಲೇ ತೆಗೆದುಹಾಕಲಿಲ್ಲ; ಅದನ್ನು ಮಾಯೆಗೆ ಕೊಟ್ಟನು. ಕೈಗೆಟುಕದವನನ್ನು ಹಿಡಿಯಹೊರಟ ಆಕೆಯ ಬೇಗೆ ಆ ಕಾವ್ಯದ ಜೀವಂತ ಭಾಗಗಳಲ್ಲಿ ಒಂದು. ಅಲ್ಲಿಂದ ಮುಂದೆ ಅಲ್ಲಮ ಸಂಚಾರ ಹೊರಟು, ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುವ ಮುಕ್ತಾಯಕ್ಕನನ್ನೂ, ತೋಟದ ಕೆಲಸವೇ ಸರ್ವಸ್ವವೆಂದಿದ್ದ ಗೊಗ್ಗಯ್ಯನನ್ನೂ, ಸೊನ್ನಲಿಗೆಯ ಸಿದ್ಧರಾಮನನ್ನೂ ಕಾಣುತ್ತಾನೆ. ನಿಶ್ಚಲನಾದವನೊಬ್ಬ ಎದುರು ನಿಂತಾಗ ಉಳಿದವರ ಚಲನೆ ಎದ್ದು ಕಾಣುತ್ತದೆ. ಇದು ಅವನ ಕಾವ್ಯತಂತ್ರ, ಮತ್ತು ಅದು ಸಫಲವಾಗಿದೆ.

ಆದರೆ ಲಾಭದ ಜೊತೆಗೆ ನಷ್ಟವೂ ಉಂಟು. ಚಾಮರಸನ ಅಲ್ಲಮನಿಗೆ ನಾವು ನಮಸ್ಕಾರ ಮಾಡಬಹುದು, ಅವನ ಹಿಂದೆ ನಡೆಯಲು ದಾರಿ ಕಾಣದು. ಎಂದೂ ಬೀಳದವನು ಎದ್ದ ಬಗೆಯನ್ನು ಹೇಗೆ ಹೇಳಿಕೊಟ್ಟಾನು? ಮನೆಯವರನ್ನು ಮಣ್ಣುಮಾಡಿ ಬಂದು ತೋಟದ ಬದಿಯಲ್ಲಿ ಕುಳಿತವನಿಗೆ ಹರಿಹರನ ಅಲ್ಲಮ ನೆರವಾದಷ್ಟು ಚಾಮರಸನ ಅಲ್ಲಮ ನೆರವಾಗಲಾರ. ಹರಿಹರನ ಅಲ್ಲಮನೂ ಅಲ್ಲಿಯೇ ಕುಳಿತಿದ್ದವನು.

೪

ಈ ಭೇದ ಕಥೆಯಲ್ಲಿ ಮಾತ್ರವಲ್ಲ, ಛಂದಸ್ಸಿನಲ್ಲಿಯೂ ಇದೆ. ರಗಳೆಗೆ ಪದ್ಯದ ಕಟ್ಟು ಇಲ್ಲ. ಇಷ್ಟು ಸಾಲಿಗೆ ನಿಲ್ಲಬೇಕೆಂಬ ನಿಯಮವಿಲ್ಲ. ಪ್ರಾಸದಿಂದ ಸಾಲು ಸಾಲನ್ನು ಕೈಹಿಡಿದು ಮುಂದೆ ಎಳೆಯುತ್ತದೆ. ಭಾವ ದಣಿಯುವವರೆಗೂ ಓಟ ನಡೆಯುತ್ತದೆ. ಉತ್ಸಾಹ, ಮಂದಾನಿಲ, ಲಲಿತ ಎಂಬ ಅದರ ಪ್ರಭೇದಗಳ ಹೆಸರುಗಳೇ ನಡಿಗೆಯ ಹೆಸರುಗಳಂತಿವೆ. ಒಂದೆಡೆ ನಿಲ್ಲಲಾರದ ಮನಸ್ಸಿಗೆ ಇದಕ್ಕಿಂತ ಒಪ್ಪುವ ಛಂದಸ್ಸು ಇಲ್ಲ. ಷಟ್ಪದಿಯಾದರೋ ಆರು ಸಾಲಿನ ಕಟ್ಟು. ಮೂರನೆಯ ಸಾಲಿನಲ್ಲಿ ಒಂದು ತಂಗುವಿಕೆ, ಆರನೆಯದರಲ್ಲಿ ಮುಕ್ತಾಯ. ಪ್ರಶ್ನೆಯೆತ್ತಿ ಉತ್ತರ ಕೊಡುವುದಕ್ಕೆ, ಸಂವಾದಕ್ಕೆ, ತೀರ್ಮಾನಕ್ಕೆ ಅದು ಬಹಳ ಅನುಕೂಲ. ಹರಿಹರನ ಛಂದಸ್ಸು ಅಲೆಯುತ್ತದೆ, ಚಾಮರಸನದು ನೆಲೆಗೊಳ್ಳುತ್ತದೆ. ಎರಡನ್ನೂ ಗಟ್ಟಿಯಾಗಿ ಓದಿ ಕೇಳಿದವರಿಗೆ ಈ ಮಾತಿಗೆ ಬೇರೆ ಪ್ರಮಾಣ ಬೇಕಾಗದು.

೫

ಇಷ್ಟಕ್ಕೆ ನಿಲ್ಲಿಸಿದರೆ, ತಳಮಳವೆಲ್ಲವೂ ಪವಿತ್ರ, ಮನಸ್ಸು ಹೇಳಿದಂತೆ ಎದ್ದು ಹೊರಟುಬಿಡುವುದೇ ಧರ್ಮ ಎಂಬ ಅಪಾರ್ಥಕ್ಕೆ ಎಡೆಯಾದೀತು. ಹರಿಹರನೇ ಇದಕ್ಕೆ ತಡೆಯೊಡ್ಡಿದ್ದಾನೆ. ಅವನ 'ಬಸವರಾಜದೇವರ ರಗಳೆ'ಯನ್ನು ನೋಡಿರಿ. ಬಸವಣ್ಣ ಜನಿವಾರವನ್ನು ಕರ್ಮದ ಬಂಧನವೆಂದು ಕಳಚಿ ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ ಬರುತ್ತಾನೆ. ಅಲ್ಲಿ ಅವನಿಗೆ ಬೇಕಾದ ಶಾಂತಿ ಸಿಗುತ್ತದೆ. ನದಿ, ಗುಡಿ, ಹೂವು, ಪೂಜೆ. ಕಥೆ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಸಂಗಮನಾಥನೇ ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆನ್ನುತ್ತಾನೆ. ಬಸವಣ್ಣ ಸಂಕಟಪಡುತ್ತಾನೆ, ದೇವರು ತನ್ನನ್ನು ಕೈಬಿಟ್ಟನೆಂದು ಹಲುಬುತ್ತಾನೆ. ಭಕ್ತನ ಶಾಂತಿಯನ್ನು ಕೆಡಿಸಿದವನು ಇಲ್ಲಿ ಲೋಕವಲ್ಲ, ದೇವರೇ. ಹಾಗೆ ಕೆಡಿಸಿ ಅವನು ಬಸವಣ್ಣನನ್ನು ಕಳುಹಿಸಿದ್ದು ಎಲ್ಲಿಗೆ? ಕರಣಿಕರ ನಡುವೆ, ಲೆಕ್ಕಪತ್ರದ ಕೆಲಸಕ್ಕೆ!

ಇದರ ಸ್ವಾರಸ್ಯವನ್ನು ವಾಚಕರು ಮನಗಾಣಬೇಕು. ಕವಿ ಹರಿಹರ ಲೆಕ್ಕದ ಕಡತವನ್ನು ಬಿಟ್ಟು ದೇವಾಲಯದ ಕಡೆಗೆ ಹೊರಟವನು. ಅವನ ಕಥಾನಾಯಕ ದೇವಾಲಯವನ್ನು ಬಿಟ್ಟು ಲೆಕ್ಕದ ಕಡತದ ಕಡೆಗೆ ಹೊರಟವನು. ಇಬ್ಬರನ್ನೂ ಎಬ್ಬಿಸಿದ್ದು ಒಂದೇ ಬಗೆಯ ಕಳವಳ. ಒಯ್ದ ದಿಕ್ಕು ಮಾತ್ರ ಪರಸ್ಪರ ವಿರುದ್ಧ. ಆದುದರಿಂದ ತಳಮಳದ ಅರ್ಥ ಯಾವಾಗಲೂ 'ಬಿಟ್ಟು ಹೋಗು' ಎಂದಲ್ಲ. ಕೆಲವರಿಗೆ ಅದು 'ಹಿಂದಿರುಗಿ ಹೋಗಿ ಕೆಲಸ ಹಿಡಿ' ಎಂದೂ ಆಗಬಹುದು. ಯಾವುದು ತನಗೆ ಎಂಬುದನ್ನು ಅವರವರೇ ಅರಿಯಬೇಕು.

ಹಾಗೆಂದು ಕೆಲಸದಲ್ಲಿ ಮುಳುಗಿದರೆ ಸಾಕೆಂದೂ ತಿಳಿಯಬಾರದು. 'ಶೂನ್ಯಸಂಪಾದನೆ'ಯ ಸಿದ್ಧರಾಮಯ್ಯನವರ ಪ್ರಸಂಗ ಇದಕ್ಕೆ ಎಚ್ಚರಿಕೆ. ಸೊನ್ನಲಿಗೆಯಲ್ಲಿ, ಇಂದಿನ ಸೊಲ್ಲಾಪುರದಲ್ಲಿ, ಕೆರೆ ತೋಡಿಸಿ ಗುಡಿ ಕಟ್ಟಿಸುತ್ತಿದ್ದ ಆ ಮಹಾಪುರುಷರನ್ನು ಅಲ್ಲಮಪ್ರಭುಗಳು ಒಡ್ಡನೆಂದು ಕರೆದು ಕೆಣಕುತ್ತಾರೆ. ಕೆರೆ ಕಟ್ಟುವುದು ತಪ್ಪೆಂದು ಪ್ರಭುಗಳ ಅಭಿಪ್ರಾಯವಲ್ಲ. ಕಟ್ಟುವ ಭರಾಟೆಯಲ್ಲಿ ಒಳಗಿನ ಪ್ರಶ್ನೆಯನ್ನು ಮುಚ್ಚಿಟ್ಟರೆ ಕೆರೆ ತುಂಬಿದರೂ ಕಟ್ಟಿದವನು ಬರಿದಾಗಿಯೇ ಉಳಿಯುತ್ತಾನೆಂಬುದು ಅವರ ಆಕ್ಷೇಪ. ಇನ್ನೊಂದು ಎಕರೆ, ಇನ್ನೊಂದು ಮನೆ, ಇನ್ನೊಂದು ಸಮಿತಿಯ ಅಧ್ಯಕ್ಷತೆ ಎಂದು ಓಡಾಡುವ ನಮ್ಮಲ್ಲಿ ಅನೇಕರ ಚಟುವಟಿಕೆಯೂ ತಳಮಳದ ಮೇಲೆ ಹೊದಿಸಿದ ಹೊದಿಕೆ ಮಾತ್ರವೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು.

ಹಾಗಾದರೆ ಪರೀಕ್ಷೆ ಯಾವುದು? ಈ ಕಥೆಗಳಿಂದ ಎರಡು ಲಕ್ಷಣಗಳನ್ನು ಹೆಕ್ಕಬಹುದು. ಒಂದು, ನಿಜವಾದ ತಳಮಳ ನಡತೆಯನ್ನು ಬದಲಿಸುತ್ತದೆ. ಹರಿಹರ ಬರೆಯುವ ವಸ್ತು ಬದಲಾಯಿತು. ಬಸವಣ್ಣನಿಂದ ದಾಸೋಹ ಬೆಳೆಯಿತು. ಎರಡು, ಅದು ಇತರರ ನೋವಿನ ಕಡೆಗೆ ಕಣ್ಣು ತೆರೆಸುತ್ತದೆ. ತಾನು ಅತ್ತವನಾದ್ದರಿಂದಲೇ ಅಲ್ಲಮ ಮುಕ್ತಾಯಕ್ಕನ ಅಳುವಿನ ಮುಂದೆ ನಿಲ್ಲಬಲ್ಲವನಾದನೆಂದು ಹರಿಹರನ ಕಥೆಯನ್ನೂ ಶೂನ್ಯಸಂಪಾದನೆಯನ್ನೂ ಕೂಡಿಸಿ ಓದುವವರಿಗೆ ತೋರುತ್ತದೆ. ಈ ಎರಡೂ ಇಲ್ಲದೆ ತನ್ನ ಸುತ್ತಲೇ ಗಿರಕಿ ಹೊಡೆಯುವ ಕಳವಳ ಬರಿಯ ಚಾಂಚಲ್ಯ. ಇನ್ನು, ದಿನಗಟ್ಟಲೆ ನಿದ್ದೆಗೆಟ್ಟು, ಊಟ ಸೇರದೆ, ಬದುಕೇ ಬೇಡವೆನಿಸುವ ಸ್ಥಿತಿ ಬಂದರೆ ಅದು ವ್ಯಾಧಿ. ಅದಕ್ಕೆ ವೈದ್ಯರ ಬಳಿಗೆ ಹೋಗುವುದರಲ್ಲಿ ಭಕ್ತಿಗೆ ಯಾವ ಕುಂದೂ ಇಲ್ಲ, ಹೋಗದಿರುವುದೇ ತಪ್ಪು.

ಪ್ರವಚನಗಳಲ್ಲಿಯೂ ಇಂಥ ಪತ್ರಿಕೆಗಳಲ್ಲಿಯೂ ವಚನಗಳನ್ನು ಮನಶ್ಶಾಂತಿಯ ಮಾತ್ರೆಗಳಂತೆ ಹಂಚುವ ಅಭ್ಯಾಸ ಬೆಳೆಯುತ್ತಿದೆ. ಕೇಳಿದವರು ಒಂದು ಗಂಟೆ ತಣ್ಣಗಾಗಿ ಮನೆಗೆ ಹೋಗುತ್ತಾರೆ. ಶರಣರು ತಣ್ಣಗಿದ್ದವರಲ್ಲ. ತಮ್ಮ ಕಳವಳವನ್ನು ಮುಚ್ಚದೆ ದೇವರ ಮುಂದೆ ಸುರಿದವರು. ಅದರಿಂದಲೇ ಅವರ ಮಾತಿಗೆ ಇಂದಿಗೂ ಬಿಸಿಯಿದೆ. ಅವರನ್ನು ಆರಿಸಿ ತಂಪುಮಾಡಿ ಬಡಿಸುವುದು ಅವರಿಗೆ ಮಾಡುವ ಅನ್ಯಾಯ, ಕೇಳಲು ಬಂದವನಿಗೂ ಅನ್ಯಾಯ. ತನ್ನೊಳಗಿನ ಬೇಗೆ ಬಸವಣ್ಣನಿಗೂ ಇತ್ತೆಂದು ತಿಳಿದವನು ನಾಚಿಕೊಳ್ಳುವುದನ್ನು ಬಿಟ್ಟು ನಡೆಯಲು ತೊಡಗುತ್ತಾನೆ.

ಶ್ರಾವಣದಲ್ಲಿ ಪುರಾಣ ಓದಿಸುವ ಪದ್ಧತಿ ನಮ್ಮ ಮಠಗಳಲ್ಲಿ ಇನ್ನೂ ಉಳಿದಿದೆ. ಪ್ರಭುಲಿಂಗಲೀಲೆಯನ್ನು ಓದಿಸುವವರು ಈ ಬಾರಿ ಅದರ ಜೊತೆಗೆ ಪ್ರಭುದೇವರ ರಗಳೆಯನ್ನೂ ಓದಿಸಲಿ. ಗೆದ್ದ ಅಲ್ಲಮನ ಪಕ್ಕದಲ್ಲಿ ಅತ್ತ ಅಲ್ಲಮನಿಗೂ ಒಂದು ಸಂಜೆ ದೊರೆಯಲಿ. ಮನೆಯಲ್ಲಿ ಮಗನೋ ಮಗಳೋ ಓದಿನಲ್ಲಿ ಮನಸ್ಸು ನಿಲ್ಲದೆ, ಉದ್ಯೋಗದಲ್ಲಿ ಮನಸ್ಸು ಹತ್ತದೆ ಏನನ್ನೋ ಹುಡುಕುವಂತೆ ಕುಳಿತಿದ್ದರೆ, ಚಂಚಲಚಿತ್ತರೆಂದು ಗದರಿಸುವುದಕ್ಕೆ ಮೊದಲು, ಏನನ್ನು ಹುಡುಕುತ್ತೀಯೆ ಎಂದು ಹತ್ತಿರ ಕುಳಿತು ಕೇಳಿರಿ. ಉತ್ತರ ಕೂಡಲೇ ಬರಲಿಕ್ಕಿಲ್ಲ. ನೆಲ ಕೆರೆಯುತ್ತಿದ್ದ ಅಲ್ಲಮನನ್ನು ಕೇಳಿದ್ದರೂ ಅವನಿಗೆ ಉತ್ತರ ಗೊತ್ತಿರಲಿಲ್ಲ.